ಅಜ್ಜನ ಪಿಸ್ತೂಲು ಮತ್ತು ಮಲ್ಪೆಯ ಗಾಳಿ

ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ಪಿಸ್ತೂಲು ಅಂತಲೇ ಕರೆಯುತ್ತಾರೆ. ನಿಜವಾಗಿ ಅದು ರಿವಾಲ್ವರ್, ಗುಂಡು ತುಂಬುವ ಉರುಳೆ ತಿರುಗುವಂಥದ್ದು. ವೆಬ್ಲಿ ಮಾರ್ಕ್ 6, ಬ್ರಿಟಿಷ್ ಸೇನೆ 1915ರಲ್ಲಿ ಬಳಕೆಗೆ ತಂದದ್ದು, ಆರು ಗುಂಡಿನದ್ದು, ತೂಕ ಒಂದು ಕಿಲೋಗಿಂತ ಜಾಸ್ತಿ. ಸೇನೆಯಲ್ಲಿದ್ದ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂತು.

ಮಲ್ಪೆ ಕಡಲಿನಿಂದ ನಮ್ಮ ಮನೆ ಎರಡು ಕಿಲೋಮೀಟರ್ ಕೂಡ ಇಲ್ಲ. ಉಪ್ಪು ಗಾಳಿ, ಮೇಲಿಂದ ಜೂನ್ ಮಳೆ. ಕಿಟಕಿ ಸರಳೇ ತುಕ್ಕು ಹಿಡಿಯುವಾಗ ಇದು ಉಳಿಯುತ್ತಾ? ಅಜ್ಜ ಅದನ್ನು ಚರ್ಮದ ಚೀಲದಲ್ಲೇ ಇಟ್ಟಿದ್ದರು, ಅದೇ ತಪ್ಪಾಯಿತು. ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತದೆ, ಹದ ಮಾಡುವಾಗ ಹಾಕಿದ ಆಮ್ಲವೂ ಅದರಲ್ಲಿ ಇರುತ್ತದೆ, ಹಾಗಾಗಿ ತಾಗಿದ ಕಡೆಯೆಲ್ಲ ಕಬ್ಬಿಣ ಕೆಂಪಾಗಿತ್ತು. ಈಗ ಚೀಲ ಬೇರೆ, ಪಿಸ್ತೂಲು ಬೇರೆ. ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿದ್ದೇನೆ, ನೀಲಿ ಹರಳು ಗುಲಾಬಿಯಾದರೆ ಬದಲಾಯಿಸುತ್ತೇನೆ.

ದೊಡ್ಡಪ್ಪ ಒಮ್ಮೆ ಹುಣಸೆಹುಳಿ ಹಾಕಿ ಹಿತ್ತಾಳೆ ದೀಪದ ಹಾಗೆ ತಿಕ್ಕಲು ಹೊರಟಿದ್ದರು, ಅಮ್ಮ ಕೈಯಿಂದ ಕಿತ್ತುಕೊಂಡರು. ಹಳೇ ಕಪ್ಪು ಬಣ್ಣ ಹೋದರೆ ಮತ್ತೆ ಬರಲ್ಲ ಅಲ್ವಾ. ತೆಂಗಿನೆಣ್ಣೆಯೂ ಬೇಡ, ಅಂಟಾಗುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ತೆಳುವಾಗಿ ಒರೆಸಿದರೆ ಸಾಕು. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಲ್ಲೂ ಉಪ್ಪಿದೆ.

ಲೈಸೆನ್ಸ್ ಇಲ್ಲದೆ ಸುಮ್ನೆ ನೆನಪಿಗೆ ಅಂತ ಇಟ್ಟುಕೊಳ್ಳುವ ಹಾಗಿಲ್ಲ, 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಚುನಾವಣೆ ಬಂದರೆ ಊರಿನ ತೋಟದ ಕೋವಿಗಳ ಜೊತೆ ಇದೂ ಠಾಣೆಗೆ ಹೋಗುತ್ತದೆ. ವಾಪಸ್ ತಂದ ದಿನ ಮೊದಲ ಕೆಲಸ ಎಣ್ಣೆ ಒರೆಸುವುದು.