ಮಗು ಹೊಡೆದರೆ ಏನು ಮಾಡುತ್ತೀರಿ?

ಅಂಗವೈಕಲ್ಯವಿರುವ ಮಕ್ಕಳಿಗೆ ತರಗತಿಯಲ್ಲಿ ವರ್ತನೆಯ ವಿಷಯದಲ್ಲಿ ನೆರವಾಗುವುದು ನನ್ನ ವೃತ್ತಿ ಎಂದು ಹೇಳಿದ ಕೂಡಲೇ ಎದುರಿಗಿರುವವರು ಕೇಳುವುದು ಒಂದೇ ಪ್ರಶ್ನೆ: ‘ಆ ಮಕ್ಕಳು ಹೊಡೆದರೆ, ಕಚ್ಚಿದರೆ ಏನು ಮಾಡುತ್ತೀರಿ?’ ಕೆಲವರು ದನಿ ತಗ್ಗಿಸಿ ಕೇಳುತ್ತಾರೆ. ಇನ್ನು ಕೆಲವರು ನನ್ನ ಮುಂಗೈ ಮೇಲೆ ಗಾಯದ ಗುರುತು ಹುಡುಕುತ್ತಲೇ ಕೇಳುತ್ತಾರೆ.

ನನ್ನ ಉತ್ತರದಿಂದ ಅವರಿಗೆ ನಿರಾಸೆಯೇ ಆಗುವುದು. ಆ ಗಳಿಗೆಯಲ್ಲಿ ನಾನು ಮಾಡುವುದು ಬಹಳ ಕಡಿಮೆ. ಅಕ್ಕಪಕ್ಕದ ಮಕ್ಕಳನ್ನು ದೂರ ಕಳಿಸುತ್ತೇನೆ, ಕತ್ತರಿ, ಕೈವಾರದಂಥವನ್ನು ಎತ್ತಿಡುತ್ತೇನೆ, ಮಾತು ನಿಲ್ಲಿಸಿ ಕಾಯುತ್ತೇನೆ. ಮೈಮರೆತು ಕಿರುಚುತ್ತಿರುವ ಮಗುವಿಗೆ ಬುದ್ಧಿವಾದ ಹೇಳಿ ಪ್ರಯೋಜನವಿಲ್ಲ. (ದೊಡ್ಡವರಿಗೂ ಇಲ್ಲ, ಆದರೆ ಅದನ್ನು ಒಪ್ಪುವವರು ಕಡಿಮೆ.) ನನ್ನ ಕೆಲಸದ ಬಹುಪಾಲು ನಡೆಯುವುದು ರಂಪ ಇಲ್ಲದ ಹೊತ್ತಿನಲ್ಲಿ, ಒಂದು ಹಾಳೆಯ ಮೇಲೆ.

ಆ ಹಾಳೆಯಲ್ಲಿ ಮೂರು ಅಂಕಣಗಳಿರುತ್ತವೆ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ‘ಹಟ ಮಾಡಿದ’, ‘ಸಿಟ್ಟು ಬಂತು’ ಎಂದು ಬರೆಯುವ ಹಾಗಿಲ್ಲ. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕು. ಒಬ್ಬ ಹುಡುಗನ ಹಾಳೆ ಹೀಗಿರಬಹುದು. ಮೊದಲು: ‘ಹಲಗೆಯ ಮೇಲಿರುವುದನ್ನು ಬರೆದುಕೊಳ್ಳಿ’ ಎಂದು ಶಿಕ್ಷಕಿ ಹೇಳಿದರು. ಮಗು: ಪೆನ್ಸಿಲ್ ಡಬ್ಬಿಯನ್ನು ನೆಲಕ್ಕೆ ಎಸೆದು, ಪಕ್ಕದವನ ತೋಳಿಗೆ ಹೊಡೆಯಿತು. ಆಮೇಲೆ: ಅವನನ್ನು ಹೊರಗೆ ನಿಲ್ಲಿಸಲಾಯಿತು. ಹತ್ತಾರು ಸಲ ಹೀಗೆ ಬರೆದ ಮೇಲೆ ಓದಿ ನೋಡಿದರೆ ಸಂಗತಿ ಬಯಲಾಗುತ್ತದೆ. ಹಾಡಿನ ಹೊತ್ತಿನಲ್ಲಿ ಡಬ್ಬಿ ಹಾರಿಲ್ಲ, ಚಿತ್ರ ಬಿಡಿಸುವಾಗಲೂ ಹಾರಿಲ್ಲ. ಬರೆಯಲು ಹೇಳಿದಾಗ ಮಾತ್ರ ಹಾರಿದೆ. ಹೊರಗೆ ನಿಲ್ಲಿಸುವುದು ಶಿಕ್ಷೆ ಎಂದು ಶಿಕ್ಷಕಿ ತಿಳಿದಿದ್ದಾರೆ. ಹುಡುಗನ ಪಾಲಿಗೆ ಅದು ಬಿಡುಗಡೆ. ಅವನಿಗೆ ಬರೆಯುವುದು ತಪ್ಪಿತು, ಅವರಿಗೆ ಪಾಠ ಮುಂದುವರಿಸಲು ನೆಮ್ಮದಿ ಸಿಕ್ಕಿತು. ನಾಳೆಯೂ ಇಬ್ಬರೂ ಇದನ್ನೇ ಮಾಡುತ್ತಾರೆ.

ಒಂದೇ ಬಗೆಯ ಏಟಿನ ಹಿಂದೆ ಬೇರೆ ಬೇರೆ ಕಾರಣಗಳಿರಬಹುದು. ಕಷ್ಟದ ಕೆಲಸದಿಂದ ತಪ್ಪಿಸಿಕೊಳ್ಳುವುದು, ಯಾರಾದರೂ ತನ್ನತ್ತ ನೋಡಲಿ ಎಂಬುದು, ಬೇಕಾದ ವಸ್ತು ಸಿಗಲಿ ಎಂಬುದು, ದೇಹಕ್ಕೇ ಏನೋ ಒಂದು ಹಿತವೆನಿಸುವುದು. ಇವೇ ನಾಲ್ಕು ಮುಖ್ಯ ಕಾರಣಗಳೆಂದು ನಮ್ಮ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಇವೆಲ್ಲಕ್ಕಿಂತ ಮೊದಲು ವೈದ್ಯರು ನೋಡಬೇಕು. ಮಾತು ಬಾರದ ಮಗು ಇದ್ದಕ್ಕಿದ್ದಂತೆ ಕಿವಿಯ ಮೇಲೆ ಬಡಿದುಕೊಳ್ಳಲು ಶುರು ಮಾಡಿದರೆ, ಹಾಳೆಗಿಂತ ಮೊದಲು ನೆನಪಾಗಬೇಕಾದದ್ದು ಕಿವಿಯ ಸೋಂಕು, ಹಲ್ಲುನೋವು.

ಕಾರಣ ಗೊತ್ತಾದ ಮೇಲೆ ಏನು? 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡುರಾಂಡ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವೊಂದಿದೆ. ಅವರು ನೋಡಿದ್ದು ನಾಲ್ಕೇ ಮಕ್ಕಳನ್ನು. ಕೆಲಸ ಕಷ್ಟವಾದಾಗ ರಂಪ ಮಾಡುವ ಮಗುವಿಗೆ ‘ನನಗೆ ಅರ್ಥವಾಗುತ್ತಿಲ್ಲ’ ಎಂದು ಹೇಳುವುದನ್ನೂ, ಗಮನ ಸಿಗದಾಗ ರಂಪ ಮಾಡುವ ಮಗುವಿಗೆ ‘ನಾನು ಚೆನ್ನಾಗಿ ಮಾಡುತ್ತಿದ್ದೇನೆಯೇ?’ ಎಂದು ಕೇಳುವುದನ್ನೂ ಕಲಿಸಿದರು. ರಂಪ ಇಳಿಯಿತು. ನನಗೆ ಮುಖ್ಯವಾಗಿ ಕಂಡದ್ದು ಮುಂದಿನ ಭಾಗ: ಕಾರಣಕ್ಕೆ ಹೊಂದದ ಮಾತನ್ನು ಕಲಿಸಿದಾಗ ಅದು ಇಳಿಯಲಿಲ್ಲ. ಅಂದರೆ ಮಗುವಿಗೆ ಏನಾದರೊಂದು ಮಾತು ಕಲಿಸಿದರೆ ಸಾಲದು. ಏಟು ಯಾವ ಕೆಲಸ ಮಾಡಿಕೊಡುತ್ತಿತ್ತೋ ಅದನ್ನೇ ಆ ಮಾತೂ ಮಾಡಿಕೊಡಬೇಕು, ಅದೂ ಏಟಿಗಿಂತ ಬೇಗ.

ಮಾತು ಬಾರದ ಮಗುವಾದರೆ ಚಿತ್ರದ ಕಾರ್ಡು ಅಥವಾ ಸನ್ನೆ. ಪೆನ್ಸಿಲ್ ಡಬ್ಬಿಯ ಹುಡುಗನಿಗೆ ‘ಸ್ವಲ್ಪ ಬಿಡುವು’ ಎಂಬ ಕಾರ್ಡು ಸಾಕು. ಅವನ ಕೈ ಡಬ್ಬಿಯತ್ತ ಹೋಗುವ ಮೊದಲೇ ಕಾರ್ಡನ್ನು ಕೈಗೆ ಹಿಡಿಸಿ, ಕೊಡಿಸಿ, ಆ ಕ್ಷಣವೇ ಪುಸ್ತಕ ಸರಿಸುತ್ತೇನೆ. ಇಲ್ಲಿ ಜಿಪುಣತನ ತೋರಿದರೆ ಎಲ್ಲವೂ ಕೆಟ್ಟಂತೆ. ಮೊದಮೊದಲು ಅವನು ಎರಡು ಅಕ್ಷರಕ್ಕೊಮ್ಮೆ ಕಾರ್ಡು ಎತ್ತುತ್ತಾನೆ. ‘ನಿಮಗೆ ಟೋಪಿ ಹಾಕುತ್ತಿದ್ದಾನೆ’ ಎಂದು ಶಿಕ್ಷಕರು ಗೊಣಗುತ್ತಾರೆ. ಹಾಕಲಿ ಬಿಡಿ. ಕಾರ್ಡಿಗೆ ಬೆಲೆಯಿದೆ ಎಂಬುದು ಅವನಿಗೆ ಖಚಿತವಾದ ಮೇಲಷ್ಟೇ ‘ಈ ಒಂದು ಸಾಲು, ಆಮೇಲೆ ಬಿಡುವು’ ಎನ್ನಬಹುದು. ಒಂದು ಸಾಲು ಎರಡಾಗುತ್ತದೆ, ಎರಡು ಅರ್ಧ ಪುಟವಾಗುತ್ತದೆ. ಇನ್ನೊಂದು ಕಡೆ, ಡಬ್ಬಿ ಎಸೆದರೆ ಬರವಣಿಗೆ ತಪ್ಪುವುದಿಲ್ಲ ಎಂದಾದಾಗ ಎಸೆತ ಕೂಡಲೇ ನಿಲ್ಲದೆ, ಕೆಲವೊಮ್ಮೆ ಕೆಲವು ದಿನ ಇನ್ನೂ ಜೋರಾಗುತ್ತದೆ. ಇದನ್ನು ಮನೆಯವರಿಗೂ ಶಿಕ್ಷಕರಿಗೂ ಮೊದಲೇ ಹೇಳಿರಬೇಕು. ಇಲ್ಲದಿದ್ದರೆ ಸರಿಯಾಗಿ ಆ ದಿನವೇ ಅವರು ಸೋತು ಬಿಡುಗಡೆ ಕೊಡುತ್ತಾರೆ, ಹುಡುಗ ಇನ್ನಷ್ಟು ಜೋರಾಗಿ ಎಸೆಯಬೇಕೆಂದು ಕಲಿಯುತ್ತಾನೆ.

ಈ ವಿದ್ಯೆಯ ಹಿನ್ನೆಲೆ ಪೂರ್ತಿ ಸ್ವಚ್ಛವಾದದ್ದೇನಲ್ಲ. 1987ರಲ್ಲಿ ಮನೋವಿಜ್ಞಾನಿ ಐವರ್ ಲೋವಾಸ್ ಪ್ರಕಟಿಸಿದ, ಆಟಿಸಂ ಇರುವ ಮಕ್ಕಳ ಕುರಿತ ಪ್ರಸಿದ್ಧ ಅಧ್ಯಯನದಲ್ಲಿ ಗದರುವುದೂ ತೊಡೆಗೆ ಏಟು ಕೊಡುವುದೂ ವಿಧಾನದ ಭಾಗವಾಗಿದ್ದವು. ಇಂಥ ತರಬೇತಿಯನ್ನು ಅನುಭವಿಸಿ ಬೆಳೆದ ಎಷ್ಟೋ ಆಟಿಸ್ಟಿಕ್ ವಯಸ್ಕರು, ತಮ್ಮನ್ನು ಉಳಿದವರಂತೆ ಕಾಣಿಸಲು ಪಟ್ಟ ಪಾಡನ್ನು ಹೇಳಿಕೊಂಡಿದ್ದಾರೆ. ಅವರ ಮಾತು ನನಗೆ ಒಪ್ಪಿಗೆ. ಕೈ ಅಲ್ಲಾಡಿಸುವುದನ್ನು ನಿಲ್ಲಿಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದನ್ನು ಕಲಿಸಿ ಎಂದು ಯಾರಾದರೂ ಕೇಳಿದರೆ ಒಲ್ಲೆ ಎನ್ನುತ್ತೇನೆ. ಕೈ ಅಲ್ಲಾಡಿಸುವುದರಿಂದ ಯಾರಿಗೂ ನೋವಾಗುತ್ತಿಲ್ಲ. ನೋಡುವವರಿಗೆ ಮುಜುಗರವಾದರೆ ಅದು ಅವರ ಪಾಡು. ಇನ್ನು ಕೆಲವೊಮ್ಮೆ ಹಾಳೆ ಬೆರಳು ತೋರುವುದು ಮಗುವಿನತ್ತ ಅಲ್ಲ, ತರಗತಿಯತ್ತ: ಕಿವಿಗಡಚಿಕ್ಕುವ ಗದ್ದಲ, ಹಲಗೆಯಿಂದ ನೋಡಿ ಬರೆಯಲಾಗದವನಿಗೆ ದಿನವೂ ಅದೇ ಕೆಲಸ. ಅಂಥಲ್ಲಿ ಬದಲಾಗಬೇಕಾದದ್ದು ಪಾಠದ ಕ್ರಮ.

ಇಷ್ಟರ ಮೇಲೆ, ಮಗು ಕಾರ್ಡನ್ನು ನನಗೆ ಮಾತ್ರ ಕೊಡುತ್ತಿದ್ದರೆ ಕೆಲಸ ಅರ್ಧವೇ ಆದಂತೆ. ಶಿಕ್ಷಕರಿಗೆ ಕೊಡಬೇಕು, ಮನೆಯಲ್ಲಿ ಕೊಡಬೇಕು, ನಾನು ರಜೆಯಲ್ಲಿದ್ದಾಗಲೂ ಕೊಡಬೇಕು. ಹಾಗಾಗಿ ನನ್ನ ಕುರ್ಚಿಯನ್ನು ಅವನ ಪಕ್ಕದಿಂದ ಹಿಂದಿನ ಸಾಲಿಗೆ, ಅಲ್ಲಿಂದ ಗೋಡೆಯ ಪಕ್ಕಕ್ಕೆ ಸರಿಸುತ್ತಾ ಹೋಗುತ್ತೇನೆ. ಆಗ ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ಇಣುಕಿ, ‘ಇವರು ಸುಮ್ಮನೆ ಕೂತಿರುತ್ತಾರಲ್ಲ?’ ಎಂದು ಶಿಕ್ಷಕಿಯನ್ನು ಕೇಳುವುದುಂಟು. ಹಾಳೆಗಳ ಕಟ್ಟನ್ನು ತೋರಿಸುತ್ತೇನೆ. ಓದಲು ಅವರಿಗೆ ಪುರುಸೊತ್ತಿರುವುದಿಲ್ಲ. ಪಕ್ಕದ ತರಗತಿಯಲ್ಲಿ ಇನ್ನೊಂದು ಮಗುವಿದೆ, ನಾಳೆಯಿಂದ ಅಲ್ಲಿ ಕೂರಿ ಎನ್ನುತ್ತಾರೆ.