ಅವ್ವನ ಪಾಲಿನ ಖಗ್ರಾಸ

1980ರ ಫೆಬ್ರವರಿ 16ರ ಮಧ್ಯಾಹ್ನ ಖಗ್ರಾಸ ಸೂರ್ಯಗ್ರಹಣ; ಚಂದ್ರನ ನೆರಳು ಅಂಕೋಲಾ, ಹುಬ್ಬಳ್ಳಿ, ರಾಯಚೂರು ದಾಟಿ ಹೋಯಿತು. ಅವ್ವ ಆಗ ಹುಬ್ಬಳ್ಳಿಯಲ್ಲೇ ಇದ್ದಳು. ನೋಡಿದ್ದು ಮಾತ್ರ ಏನೂ ಇಲ್ಲ. ನೀರಿನ ಕೊಡಕ್ಕೆ ದರ್ಭೆ ಹಾಕಿ, ಕಿಟಕಿ ಮುಚ್ಚಿ ಎಲ್ಲರನ್ನೂ ಒಳಗೆ ಕೂರಿಸಿದ್ದರಂತೆ. "ಓಣಿಯೊಳಗ ಒಂದು ಪಿಳ್ಳಿ ಸಪ್ಪಳ ಇರಲಿಲ್ಲ" ಅನ್ನುವುದಷ್ಟೇ ಅವಳ ನೆನಪು.

ನಿನ್ನೆ ಅವಳಿಗೆ 2027ರ ಆಗಸ್ಟ್ 2ರ ಗ್ರಹಣದ ನಕ್ಷೆ ತೋರಿಸಿದೆ. ಈಜಿಪ್ತಿನ ಲಕ್ಸರ್‌ನಲ್ಲಿ 6 ನಿಮಿಷಕ್ಕೂ ಹೆಚ್ಚು ಹೊತ್ತು ಹಗಲಲ್ಲೇ ಕತ್ತಲೆ! ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡವನು, ಹೆಚ್ಚುಕಡಿಮೆ ಅಷ್ಟೇ ಪಟ್ಟು ದೂರ. ಅದಕ್ಕೇ ಅಳತೆ ಕೊಟ್ಟು ಮಾಡಿಸಿದ ಮುಚ್ಚಳದಂತೆ ಕೂರುತ್ತಾನೆ ಚಂದ್ರ.

"ಮತ್ತ ಪ್ರತಿ ಅಮಾಸಿಗೂ ಯಾಕ ಆಗಂಗಿಲ್ಲ?"

ಭಲೇ ಅವ್ವ. ಚಂದ್ರನ ದಾರಿ ಸುಮಾರು 5 ಡಿಗ್ರಿ ವಾರೆ ಇದೆ, ಹಾಗಾಗಿ ಬಹಳ ಸಲ ನೆರಳು ಭೂಮಿಗೆ ತಾಗದೆ ಮೇಲೋ ಕೆಳಗೋ ಹೋಗುತ್ತದೆ. ಅವನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಎರಡು ಬಿಂದುಗಳ ಹತ್ತಿರ ಅಮಾವಾಸ್ಯೆ ಬಿದ್ದರಷ್ಟೇ ಸೂರ್ಯಗ್ರಹಣ. ನಮ್ಮ ಜ್ಯೋತಿಷಿಗಳು ಆ ಬಿಂದುಗಳನ್ನೇ ರಾಹು, ಕೇತು ಅನ್ನುವುದು.

"ಹಂಗಾರ ರಾಹು ಅದಾನ ಅನ್ನು!" ಗೆದ್ದವರ ನಗು.

ಟಿಕೆಟ್ ದರ ನೋಡಿ ಫೋನು ಕೆಳಗಿಟ್ಟಿದ್ದೇನೆ. ಅವಳು ಮಾತ್ರ ಈಜಿಪ್ತಿಗೆ ಕಟಕ್ ರೊಟ್ಟಿ ಒಯ್ಯಲು ಬಿಡ್ತಾರೇನು ಅಂತ ಬೆಳಿಗ್ಗೆಯಿಂದ ಎರಡು ಸಲ ಕೇಳಿದಳು.