ಬೆಳಿಗ್ಗೆ ಬಿಚ್ಚದ ಬೆರಳು

ಕಳೆದ ನವೆಂಬರ್ ತಿಂಗಳ ಒಂದು ಬೆಳಿಗ್ಗೆ. ಎದ್ದು ಮುಖ ತೊಳೆಯಲು ಹೋದೆ. ಬಲಗೈಯ ಉಂಗುರದ ಬೆರಳು ಮಡಚಿಕೊಂಡೇ ಇತ್ತು. ಬಿಚ್ಚಲು ನೋಡಿದೆ, ಆಗಲಿಲ್ಲ. ಎಡಗೈಯಲ್ಲಿ ಹಿಡಿದು ಮೆಲ್ಲಗೆ ಎತ್ತಿದಾಗ ಅಂಗೈಯೊಳಗೆ ಎಲ್ಲೋ ‘ಟಕ್’ ಅಂದು ಬೆರಳು ಒಮ್ಮೆಲೇ ನೆಟ್ಟಗಾಯಿತು. ನೋವು ಮಣಿಕಟ್ಟಿನ ತನಕ ಹೊಡೆಯಿತು. ಹಿಂದಿನ ದಿನ ಸಂಜೆ ಗಾಳಕ್ಕೆ ಎರಡು ಕೆಂಬೇರಿ ಮೀನು ಸಿಕ್ಕಿದ್ದವು, ಆ ಖುಷಿಯಲ್ಲಿ ಇದನ್ನು ಅಲ್ಲಿಗೇ ಮರೆತುಬಿಟ್ಟೆ. ಅದೇ ನಾನು ಮಾಡಿದ ತಪ್ಪು.

ನಾನು ಕುಂದಾಪುರದವನು. ಮೀನು ಹಿಡಿಯುವುದು ನನ್ನ ಕಸುಬಲ್ಲ, ಊರಲ್ಲಿ ಒಂದು ಚಿಕ್ಕ ಅಂಗಡಿ ಇದೆ. ಆದರೆ ಸಂಜೆ 5 ಗಂಟೆಯಾದರೆ ಮನಸ್ಸು ಅಂಗಡಿಯಲ್ಲಿ ನಿಲ್ಲುವುದಿಲ್ಲ. ಒಂದು ದಿನ ಕೋಡಿಯ ಕಡಲ ಕಲ್ಲುಗಳ ಮೇಲೆ, ಇನ್ನೊಂದು ದಿನ ಪಂಚಗಂಗಾವಳಿಯ ಹೊಳೆ ಬದಿ. ಮಳೆ ಮುಗಿದು ನೀರು ತಿಳಿಯಾದ ಮೇಲೆ, ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್ ತನಕ, ವಾರಕ್ಕೆ ಐದು ದಿನ ಹೋಗುತ್ತಿದ್ದೆ.

ಒಮ್ಮೆ ಕೂತು ಲೆಕ್ಕ ಹಾಕಿದೆ. ಲೂರ್, ಅಂದರೆ ಗಾಳದ ನಕಲಿ ಎರೆ, ನಿಮಿಷಕ್ಕೆ ಒಂದು ಸಲ ಎಸೆದರೂ ಮೂರು ಗಂಟೆಯಲ್ಲಿ 180 ಸಲ. ಗಂಟು ಹಾಕುವುದು, ಸಿಕ್ಕು ಬಿಡಿಸುವುದು, ಮಾತು ಎಲ್ಲ ಕಳೆದರೂ 150 ಅಂತೂ ಆಗುತ್ತದೆ. ವಾರಕ್ಕೆ 750. ಪ್ರತಿ ಸಲವೂ 30 ಗ್ರಾಮಿನ ಲೂರ್, 9 ಅಡಿಯ ರಾಡ್ ಅಂದರೆ ಗಾಳದ ಕೋಲು, ಅದರ ಬುಡದಲ್ಲಿ ದಾರ ಸುತ್ತುವ ರೀಲ್. ಇಷ್ಟನ್ನೂ ತಡೆದು ಹಿಡಿಯುವುದು ಯಾವುದು? ಮಧ್ಯದ ಬೆರಳು ಮತ್ತು ಉಂಗುರದ ಬೆರಳು. ಏಕೆಂದರೆ ಸ್ಪಿನ್ನಿಂಗ್ ರೀಲನ್ನು ರಾಡಿಗೆ ಕೂರಿಸುವ ಕಾಲು ಬರುವುದೇ ಆ ಎರಡು ಬೆರಳಿನ ಸಂದಿಯಲ್ಲಿ. ನಿಮ್ಮ ರಾಡ್ ಹಿಡಿದು ನೋಡಿ, ಗೊತ್ತಾಗುತ್ತದೆ.

ಮೊದಲ ಎರಡು ವಾರ ನೋವಿನ ಮುಲಾಮು ಹಚ್ಚಿದೆ. ಆಮೇಲೆ ಯಾರೋ ಹೇಳಿದರು ಅಂತ ಒಬ್ಬರ ಹತ್ತಿರ ಎಣ್ಣೆ ಹಾಕಿ ತಿಕ್ಕಿಸಿಕೊಂಡೆ. ಅವರು ಬೆರಳನ್ನು ಹಿಡಿದು ಎಳೆದ ರಭಸಕ್ಕೆ ಕಣ್ಣಲ್ಲಿ ನೀರು ಬಂತು, ಮಾರನೇ ದಿನ ಬೆರಳಿನ ಬುಡ ಊದಿಕೊಂಡಿತು. ನಂತರ ಮೆಡಿಕಲ್‌ನಿಂದ ಡೈಕ್ಲೋಫೆನಾಕ್ ಮಾತ್ರೆ ತಂದು ದಿನಾ ಊಟದ ಮೇಲೆ ಒಂದು ನುಂಗಿ ಮತ್ತೆ ಹೊಳೆಗೆ ಹೋದೆ. ಮಾತ್ರೆ ತಿಂದರೆ ನೋವು ಗೊತ್ತಾಗುವುದಿಲ್ಲ, ನೋವು ಗೊತ್ತಾಗದಿದ್ದರೆ ಇನ್ನೂ ಜಾಸ್ತಿ ಎಸೆಯುತ್ತೇವೆ. ಹೊಟ್ಟೆ ಉರಿ ಶುರುವಾದ ಮೇಲೆ ಡಾಕ್ಟರ ಹತ್ತಿರ ಹೋದೆ. ಅವರು ಮೊದಲು ಬೈದದ್ದು ಆ ಮಾತ್ರೆಗೇ. ಹಾಗೆ ವಾರಗಟ್ಟಲೆ ತಿಂದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೂ ಒಳ್ಳೆಯದಲ್ಲ, ಬಿಪಿ ಇದ್ದವರಿಗೆ ಇನ್ನೂ ಕೆಟ್ಟದು ಅಂದರು.

ನನಗೆ ಆಗಿದ್ದದ್ದು ‘ಟ್ರಿಗರ್ ಫಿಂಗರ್’. ಅದನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಬೆರಳನ್ನು ಮಡಚುವ ನರ ಅಂತ ನಾವು ಹೇಳುವುದು ನಿಜವಾಗಿ ನರವಲ್ಲ, ಅದೊಂದು ಹಗ್ಗದಂಥ ಸ್ನಾಯುರಜ್ಜು. ಅದು ಮುಂಗೈಯಿಂದ ಬಂದು ಬೆರಳಿನ ಬುಡದಲ್ಲಿ ಬಳೆಯಂಥ ಒಂದು ಪಟ್ಟಿಯ ಒಳಗೆ ನುಸುಳಿ ಬೆರಳ ತುದಿಗೆ ಹೋಗುತ್ತದೆ. ರಾಡಿನ ರಿಂಗ್‌ಗಳಲ್ಲಿ ದಾರ ಹೋಗುವ ಹಾಗೆಯೇ. ದಿನಾ ಬಿಗಿ ಹಿಡಿದು ಹಿಡಿದು ಆ ಪಟ್ಟಿ ದಪ್ಪವಾಗುತ್ತದೆ, ಹಗ್ಗದಲ್ಲೂ ಒಂದು ಗಂಟಿನಂಥದ್ದು ಎದ್ದುಕೊಳ್ಳುತ್ತದೆ. ಬ್ರೇಡ್ ಅಂದರೆ ಹೆಣೆದ ದಾರಕ್ಕೆ ತಂಗೂಸು (ನೈಲಾನ್ ದಾರ) ಸೇರಿಸಿ ಹಾಕಿದ ಗಂಟು ದಪ್ಪವಾದರೆ ರಾಡಿನ ತುದಿಯ ರಿಂಗ್‌ಗೆ ಬಂದು ಸಿಕ್ಕಿಕೊಂಡು, ಸ್ವಲ್ಪ ಜೋರು ಮಾಡಿದಾಗ ಟಕ್ ಅಂತ ದಾಟುತ್ತದಲ್ವಾ, ನನ್ನ ಬೆರಳೊಳಗೆ ಆಗುತ್ತಿದ್ದದ್ದೂ ಅದೇ. ಅಂಗೈಯಲ್ಲಿ ಬೆರಳಿನ ಬುಡಕ್ಕೆ ಹೆಬ್ಬೆರಳಿಟ್ಟು ಒತ್ತಿ, ನೋವಿನ ಬೆರಳನ್ನು ಮೆಲ್ಲಗೆ ಮಡಚಿ ಬಿಡಿಸಿದರೆ ಚಿಕ್ಕ ಕಡಲೆಕಾಳಿನಂಥದ್ದು ಒಳಗೆ ಓಡಾಡುವುದು ಕೈಗೆ ಸಿಗುತ್ತಿತ್ತು. ರಾತ್ರಿಯೆಲ್ಲ ಕೈ ಅಲ್ಲಾಡದೆ ಇರುವುದರಿಂದ ಬೆಳಿಗ್ಗೆಯೇ ಜಾಸ್ತಿ.

ಡಾಕ್ಟರು ಇನ್ನೊಂದು ಕೆಲಸ ಮಾಡಿದರು, ಅದಕ್ಕೆ ನಾನು ಇವತ್ತಿಗೂ ಋಣಿ. ಶುಗರ್ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂದರು. ಬೆರಳು ನೋವಿಗೂ ಶುಗರ್‌ಗೂ ಏನು ಸಂಬಂಧ ಅಂತ ಕೇಳಿದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಟ್ರಿಗರ್ ಫಿಂಗರ್ ಬರುವುದು ಬೇರೆಯವರಿಗಿಂತ ತುಂಬಾ ಜಾಸ್ತಿಯಂತೆ. ನನಗೆ ಶುಗರ್ ಇತ್ತು. ಗೊತ್ತೇ ಇರಲಿಲ್ಲ. ನಿಮಗೆ ನಲವತ್ತು ದಾಟಿದ್ದು ಬೆರಳು ಹೀಗೆ ಸಿಕ್ಕಿಕೊಳ್ಳುತ್ತಿದ್ದರೆ ದಯವಿಟ್ಟು ರಕ್ತ ಪರೀಕ್ಷೆ ಮಾಡಿಸಿ.

ಚಿಕಿತ್ಸೆ ಅಂದರೆ, ಆರು ವಾರ ಮಲಗುವಾಗ ಬೆರಳು ಮಡಚದ ಹಾಗೆ ಒಂದು ಪಟ್ಟಿ ಕಟ್ಟಿಕೊಳ್ಳುವುದು. ರಾಡ್ ಮುಟ್ಟುವಂತಿಲ್ಲ. ಅಷ್ಟಕ್ಕೂ ಗುಣವಾಗದಿದ್ದಾಗ ಬೆರಳಿನ ಬುಡಕ್ಕೆ ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರು. ಚುಚ್ಚುವಾಗ ನೋವಿದೆ, ಸುಳ್ಳು ಹೇಳುವುದಿಲ್ಲ. ಅದಾದ ಮೇಲೆ ಮೂರ್ನಾಲ್ಕು ದಿನ ಶುಗರ್ ಏರಿತು, ಅದನ್ನು ಅವರು ಮೊದಲೇ ಹೇಳಿದ್ದರು. ಎರಡನೇ ವಾರಕ್ಕೆ ಬೆರಳು ಸಲೀಸಾಯಿತು. ಇದೂ ಕೆಲಸ ಮಾಡದಿದ್ದರೆ ಬೆರಳೊಳಗಿನ ಆ ಬಳೆಯಂಥ ಪಟ್ಟಿಯನ್ನು ಬಿಡಿಸುವ ಚಿಕ್ಕ ಆಪರೇಷನ್ ಇದೆ, ಕೈ ಮಾತ್ರ ಮರಗಟ್ಟಿಸಿ ಮಾಡುತ್ತಾರೆ. ಅದರ ಹೆದರಿಕೆಗೆ ಡಾಕ್ಟರ ಹತ್ತಿರ ಹೋಗದೆ ಕೂರಬೇಡಿ. ತುಂಬಾ ಜನರಿಗೆ ಅಲ್ಲಿ ತನಕ ಹೋಗಬೇಕಾಗುವುದೇ ಇಲ್ಲ.

ಈಗ ಹಿಡಿತದ ವಿಷಯ. ನನ್ನ ಕೈ ಉಳಿಸಿದ್ದು ಇದೇ.

ಆರು ವಾರ ರಾಡ್ ಇಲ್ಲದಿದ್ದರೂ ಹೊಳೆ ಬದಿಗೆ ಹೋಗಿ ಸುಮ್ನೆ ಕೂರುತ್ತಿದ್ದೆ. ಅಲ್ಲಿ ಒಬ್ಬರು ಹಿರಿಯರು ಬರುತ್ತಾರೆ. ಎಪ್ಪತ್ತರ ಹತ್ತಿರ ವಯಸ್ಸು, ಕೈರಂಪಣಿ, ಅಂದರೆ ದಡದಲ್ಲಿ ನಿಂತು ಕೈಯಲ್ಲೇ ಎಳೆಯುವ ದೊಡ್ಡ ಬಲೆ, ಎಳೆದು ದೊಡ್ಡವರಾದವರು. ನಾನು ಅವರನ್ನು ಮಾಮ ಅಂತಲೇ ಕರೆಯುವುದು. ಕೈ ಸರಿಯಾಗಿ ಮತ್ತೆ ರಾಡ್ ಹಿಡಿದ ಮೊದಲ ದಿನ ಅವರು ಪಕ್ಕದಲ್ಲೇ ನಿಂತಿದ್ದರು. ನಾಲ್ಕು ಸಲ ಎಸೆದಿರಬೇಕು, “ಕೋಲ್ ಓಡಿ ಹೋತಿಲ್ಲೆ ಮಾರಾಯಾ, ಸ್ವಲ್ಪ ಸಡ್ಲ ಹಿಡ್ಕೋ” ಅಂದರು. ಆಗ ಕೈ ನೋಡಿಕೊಂಡೆ. ಗೆಣ್ಣುಗಳು ಬೆಳ್ಳಗಾಗಿದ್ದವು. ಮೀನೇ ಕಚ್ಚಿಲ್ಲ, ಖಾಲಿ ಲೂರ್ ಎಳೆಯುತ್ತಿದ್ದೇನೆ, ಆದರೂ ಕೈ ಮಾತ್ರ ದೊಡ್ಡ ಕೊಕ್ಕರ್ ಮೀನು ಎಳೆಯುವಷ್ಟು ಬಿಗಿ. ವರ್ಷಗಟ್ಟಲೆ ಹೀಗೇ ಹಿಡಿದಿದ್ದೆ, ಗೊತ್ತೇ ಆಗಿರಲಿಲ್ಲ.

ಕೈರಂಪಣಿ ಎಳೆಯುವವರನ್ನು ನೋಡಿದ್ದೀರಲ್ವಾ? ಹಗ್ಗ ಕೈಯಲ್ಲಿರುತ್ತದೆ, ಆದರೆ ಎಳೆಯುವುದು ಬೆರಳಲ್ಲ. ಮೈ ಹಿಂದಕ್ಕೆ ವಾಲಿಸಿ, ಹಿಮ್ಮಡಿ ಮರಳಲ್ಲಿ ಊರಿ, ಎಲ್ಲರೂ ಒಟ್ಟಿಗೆ ದನಿ ಹಾಕಿ ಹಿಂದೆ ಹಿಂದೆ ಹೆಜ್ಜೆ ಇಡುತ್ತಾರೆ. ಭಾರ ಬೀಳುವುದು ಕಾಲಿಗೆ, ಸೊಂಟಕ್ಕೆ. ಎರಡು ದನಿಯ ನಡುವೆ ಕೈಗೆ ಒಂದು ಗಳಿಗೆ ಬಿಡುವು ಸಿಗುತ್ತದೆ. ಮಾಮ ಅದನ್ನೇ ನನಗೆ ರಾಡಿನಲ್ಲಿ ತೋರಿಸಿದರು. ರಾಡಿನ ಬುಡವನ್ನು ಮೊಣಕೈ ಕೆಳಗೆ ಒತ್ತಿ ಹಿಡಿ, ಆಗ ಮಣಿಕಟ್ಟಿಗೆ ಭಾರ ಬರುವುದಿಲ್ಲ. ಎಸೆಯುವ ಆ ಒಂದು ಕ್ಷಣ ಗಟ್ಟಿ ಹಿಡಿ, ಲೂರ್ ನೀರಿಗೆ ಬಿದ್ದ ಕೂಡಲೇ ಸಡಿಲ ಬಿಡು. ಈಗ ಲೂರ್ ನೀರಿಗೆ ಬಿದ್ದ ಸದ್ದು ಕೇಳಿದ ತಕ್ಷಣ ಬೆರಳು ತಾನಾಗಿ ಸಡಿಲವಾಗುತ್ತದೆ. ಅಭ್ಯಾಸವಾಗಲು ಒಂದು ತಿಂಗಳು ಹಿಡಿಯಿತು.

ಸಾಮಾನಿನಲ್ಲೂ ಕೆಲವು ಬದಲಾವಣೆ ಮಾಡಿದೆ. ರೀಲ್ ಕೂರಿಸಿದ ರಾಡನ್ನು ಒಂದು ಬೆರಳ ಮೇಲೆ ಅಡ್ಡ ಇಟ್ಟು ನೋಡಿ. ರೀಲಿನ ಸ್ವಲ್ಪ ಮುಂದೆಯೇ ತಕ್ಕಡಿಯ ಹಾಗೆ ನಿಂತರೆ ಒಳ್ಳೆಯದು. ತುದಿ ಕೆಳಗೆ ಬಾಗುತ್ತಿದ್ದರೆ ಅದನ್ನು ಸಂಜೆಯಿಡೀ ಎತ್ತಿ ಹಿಡಿಯುವುದು ನಿಮ್ಮ ಮಣಿಕಟ್ಟೇ. ನನ್ನ ಹಳೆ ರಾಡ್ ಹಾಗೇ ಇತ್ತು, ಬದಲಿಸಿ 8 ಅಡಿಯ ಹಗುರದ್ದು ತೆಗೆದುಕೊಂಡೆ. ಹೊಸದು ಕೊಳ್ಳಲು ಆಗದವರು ಹಿಡಿಯ ಬುಡಕ್ಕೆ ಸ್ವಲ್ಪ ಸೀಸ ಕಟ್ಟಿದರೂ ಸಾಕು. ಹಿಡಿ ತೀರಾ ಸಪೂರ ಇದ್ದರೆ ಬೆರಳು ಜಾಸ್ತಿ ಮಡಚಬೇಕು, ಜಾಸ್ತಿ ಬಿಗಿಯಬೇಕು. ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ಅದಕ್ಕೆ ಸುತ್ತಿದೆ. ಕೈ ಒದ್ದೆಯಾದರೂ ಜಾರುವುದಿಲ್ಲ. ಖರ್ಚೂ ಇಲ್ಲ.

ಬೀಸುಬಲೆ ಹಾಕುವವರಿಗೆ ನೋವು ಬೇರೆ ಜಾಗದಲ್ಲಿ ಬರುತ್ತದೆ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಬದಿಗೆ. ನನ್ನ ಬಲೆ ಒದ್ದೆಯಾದರೆ ಸೀಸದ ಮಣಿ ಎಲ್ಲ ಸೇರಿ 5 ಕಿಲೋದ ಮೇಲಿದೆ. ಅದನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಮಣಿಕಟ್ಟು ತಿರುಗಿಸಿ ಬೀಸಬೇಕು. ಹೆಬ್ಬೆರಳನ್ನು ಮುಷ್ಟಿಯೊಳಗೆ ಸೇರಿಸಿ ಮಣಿಕಟ್ಟನ್ನು ಮೆಲ್ಲಗೆ ಕಿರುಬೆರಳ ಕಡೆಗೆ ಬಾಗಿಸಿದಾಗ ಹೆಬ್ಬೆರಳ ಬದಿಯಲ್ಲಿ ಚಳಕ್ ಅಂತ ಹೊಡೆದರೆ ಅದು ಡಿ ಕ್ವೆರ್ವೇನ್ ತೊಂದರೆ ಇರಬಹುದು. 1895ರಲ್ಲಿ ಇದನ್ನು ವಿವರಿಸಿದ ಸ್ವಿಸ್ ಸರ್ಜನ್ ಹೆಸರು ಅದು. ಪುಟ್ಟ ಮಕ್ಕಳನ್ನು ಎತ್ತಿ ಎತ್ತಿ ತಾಯಂದಿರಿಗೂ ಇದೇ ನೋವು ಬರುತ್ತದೆ. ಹೆಬ್ಬೆರಳು ಅಲ್ಲಾಡದ ಹಾಗೆ ಪಟ್ಟಿ ಹಾಕಿ ಕೆಲವು ವಾರ ಬಿಡುವು ಕೊಡಬೇಕು. ಇನ್ನು ರಾತ್ರಿ ನಿದ್ದೆಯಲ್ಲಿ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದು ಎಚ್ಚರವಾಗಿ ಕೈ ಕೊಡವಬೇಕಾಗುತ್ತದೆ, ಕಿರುಬೆರಳಿಗೆ ಮಾತ್ರ ಏನೂ ಇಲ್ಲ ಅಂತಾದರೆ ಅದು ಮಣಿಕಟ್ಟಿನಲ್ಲಿ ನಿಜವಾದ ನರವೇ ಒತ್ತಿಕೊಂಡಿರುವ ಗುರುತು. ಇದನ್ನು ಮನೆಮದ್ದಿನಲ್ಲಿ ದಿನ ದೂಡಬೇಡಿ. ಹೆಬ್ಬೆರಳ ಬುಡದ ಮಾಂಸ ಕರಗಿ ಕೈಯ ಬಲವೇ ಹೋಗಬಹುದು.

ದಾರದ ಗಾಯಗಳ ಬಗ್ಗೆಯೂ ಹೇಳಬೇಕು. ಬ್ರೇಡ್ ದಾರ ತೋರುಬೆರಳಿನ ಒಂದೇ ಜಾಗದಲ್ಲಿ 150 ಸಲ ಉಜ್ಜಿದರೆ ಚರ್ಮ ಸೀಳುತ್ತದೆ, ಅದರಲ್ಲಿ ಉಪ್ಪುನೀರು ಹೋದರೆ ರಾತ್ರಿ ಊಟ ಮಾಡುವಾಗ ಸಾರು ಮುಟ್ಟಲು ಆಗುವುದಿಲ್ಲ. ಹೋಗುವ ಮೊದಲೇ ಆ ಬೆರಳಿಗೆ ಬಟ್ಟೆಯ ಪ್ಲಾಸ್ಟರ್ ಎರಡು ಸುತ್ತು ಸುತ್ತಿಕೊಳ್ಳಿ. ಲೂರ್ ಕಲ್ಲಿಗೆ ಸಿಕ್ಕಿಕೊಂಡರೆ ದಾರವನ್ನು ಯಾವ ಕಾರಣಕ್ಕೂ ಅಂಗೈಗೆ ಸುತ್ತಿ ಎಳೆಯಬೇಡಿ. ಒಂದು ತುಂಡು ಕೋಲಿಗೆ ಸುತ್ತಿ ಎಳೆಯಿರಿ. ನನ್ನ ಚೀಲದಲ್ಲಿ ಮುರಿದ ಪೊರಕೆಯ ಹಿಡಿಯ ಗೇಣುದ್ದದ ತುಂಡು ಯಾವಾಗಲೂ ಇರುತ್ತದೆ. ಗಂಟು ಬಿಗಿಯಲೂ ಅದೇ.

ತೇಡೆ ಮೀನಿನ ವಿಷದ ಮುಳ್ಳು ಚುಚ್ಚಿದರೆ ಕೈ ತಡೆಯುವಷ್ಟು ಬಿಸಿಯ ನೀರಿನಲ್ಲಿ, ಅಂದರೆ ಸುಮಾರು 45 ಡಿಗ್ರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ತನಕ ಮುಳುಗಿಸಿಡಿ. ಆ ವಿಷ ಬಿಸಿಗೆ ಕೆಡುತ್ತದೆ, ನೋವು ಇಳಿಯುತ್ತದೆ. ನೀರು ಎಷ್ಟು ಬಿಸಿ ಅಂತ ಚೆನ್ನಾಗಿರುವ ಕೈಯಲ್ಲಿ ನೋಡಿ, ಚುಚ್ಚಿದ ಕೈಗೆ ಸರಿಯಾಗಿ ತಿಳಿಯುವುದಿಲ್ಲ, ಸುಟ್ಟುಕೊಳ್ಳುತ್ತೀರಿ. ಮುಳ್ಳು ಒಳಗೆ ಮುರಿದಿದ್ದರೆ ಡಾಕ್ಟರೇ ತೆಗೆಯಬೇಕು. ಟೆಟನಸ್ ಇಂಜೆಕ್ಷನ್ ಮರೆಯಬೇಡಿ. ಕಡಲ ನೀರಿನ ಗಾಯ ಕೆಂಪಾಗಿ ಹರಡುತ್ತಾ ಹೋದರೆ, ಜ್ವರ ಬಂದರೆ, ಅವತ್ತೇ ಆಸ್ಪತ್ರೆಗೆ ಹೋಗಿ. ಶುಗರ್ ಇದ್ದವರು, ಲಿವರ್ ತೊಂದರೆ ಇದ್ದವರು ಬೆಳಿಗ್ಗೆ ತನಕವೂ ಕಾಯಬಾರದು. ಬೆಚ್ಚಗಿನ ಉಪ್ಪುನೀರಿನಲ್ಲಿ ಹುಟ್ಟುವ ಕೆಲವು ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಕೈ ಕಳೆಯುವಷ್ಟು ಕೆಟ್ಟವು.

ದಿನಾ ನಾನು ಮಾಡುವುದು ಎರಡೇ. ಬೆಳಿಗ್ಗೆ ಹತ್ತು ನಿಮಿಷ ಉಗುರು ಬೆಚ್ಚಗಿನ ನೀರಿನಲ್ಲಿ ಕೈ ಇಟ್ಟು ಬೆರಳನ್ನು ನೆಟ್ಟಗೆ, ಕೊಕ್ಕೆಯ ಹಾಗೆ, ಮುಷ್ಟಿ, ಹೀಗೆ ಮೆಲ್ಲಗೆ ಆಡಿಸುವುದು. ಅಂಗಡಿಯಲ್ಲಿ ಬಿಡುವಾದಾಗ ಐದೂ ಬೆರಳ ತುದಿಗೆ ರಬ್ಬರ್ ಬ್ಯಾಂಡ್ ಹಾಕಿ ಹೊರಗೆ ಅಗಲಿಸುವುದು. ನಮ್ಮ ಬೆರಳು ದಿನವಿಡೀ ಮಡಚುವ ಕೆಲಸವನ್ನೇ ಮಾಡುತ್ತದೆ, ಬಿಚ್ಚುವ ಕೆಲಸ ಅದಕ್ಕೆ ಸಿಗುವುದೇ ಇಲ್ಲ.

ಬರೆಯುತ್ತಾ ಮಾಮನ ಕೈ ಕಣ್ಣೆದುರು ಬರುತ್ತಿದೆ. ಅವರ ಎಡಗೈಯ ಮಧ್ಯದ ಬೆರಳು ಎಂಟು ವರ್ಷದಿಂದ ಮಡಚಿಯೇ ಇದೆ. ನಾನು ಹವ್ಯಾಸಕ್ಕೆ ಹಿಡಿಯುವವನು, ಆರು ವಾರ ಬಿಟ್ಟರೂ ಮನೆ ನಡೆಯುತ್ತದೆ. ಅವರಂಥವರಿಗೆ ಬಿಡುವು ಎಲ್ಲಿಂದ ಬರಬೇಕು? ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕೈಗೆ ವಿಶ್ರಾಂತಿ ಅಂದುಕೊಳ್ಳುತ್ತೇವೆ. ಆದರೆ ಆ ಎರಡು ತಿಂಗಳು ಅವರು ಕೂತು ಹರಿದ ಬಲೆ ಹೆಣೆಯುತ್ತಾರೆ, ಅದೇ ಬೆರಳಲ್ಲಿ, ಗಂಟಿನ ಮೇಲೆ ಗಂಟು. ಮೀನುಗಾರರ ಆರೋಗ್ಯ ಶಿಬಿರ ಅಂದರೆ ಕಣ್ಣು, ಬಿಪಿ, ಶುಗರ್ ನೋಡುತ್ತಾರೆ. ಬೆರಳನ್ನು ಹಿಡಿದು ನೋಡಿದವರನ್ನು ನಾನಂತೂ ಕಂಡಿಲ್ಲ. ಮೊದಲು ನೋಡಬೇಕಾದದ್ದು ಅದನ್ನೇ ಅಂತ ನನಗೆ ಅನಿಸುತ್ತದೆ.

ಮೊನ್ನೆ ಮಾಮನ ಹತ್ತಿರ ಕೂತು, ನನ್ನ ಬೆರಳು ಮಡಚಿ ಬಿಚ್ಚಿ ತೋರಿಸಿ, ಒಮ್ಮೆ ಬನ್ನಿ ಅಂತ ಕೇಳಿಕೊಂಡೆ. ಎಂಟು ವರ್ಷದ್ದು ಪೂರ್ತಿ ಸರಿಯಾಗುತ್ತದೆ ಅಂತ ಹೇಳುವ ಧೈರ್ಯ ನನಗಿಲ್ಲ, ಡಾಕ್ಟರು ನೋಡಿ ಹೇಳಲಿ ಅಂದೆ. ಅವರು ತುಂಬಾ ಹೊತ್ತು ಆ ಬೆರಳನ್ನೇ ಸವರುತ್ತಾ ಕೂತರು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಬಸ್ ಸ್ಟ್ಯಾಂಡ್ ಹತ್ತಿರ ಬರುತ್ತೇನೆ ಅಂದಿದ್ದಾರೆ. ಆ ದಿನ ಅಂಗಡಿ ಮಧ್ಯಾಹ್ನದ ಮೇಲೆ ತೆರೆಯುತ್ತೇನೆ.